ಸಂಸ್ಥೆಯೊಳಗಿನವರನ್ನೇ ಮ್ಯಾನೇಜರ್ ಮಾಡುವುದು ಹೇಗೆ: ಸೇವಾ ಸಂಸ್ಥೆಗಳಿಗೆ 18 ತಿಂಗಳ ಅಪ್ರೆಂಟಿಸ್ ಕ್ರಮ

ಧಾರವಾಡ, ಗದಗ, ಹಾವೇರಿ ಭಾಗದ ಸೇವಾ ಸಂಸ್ಥೆಗಳಲ್ಲಿ ಒಂದು ರೂಢಿ ಇದೆ. ಸ್ವಸಹಾಯ ಸಂಘಗಳನ್ನು ಚೆನ್ನಾಗಿ ನಡೆಸಿದ ಕಾರ್ಯಕರ್ತೆಯನ್ನು ಒಂದು ದಿನ ಆಫೀಸಿಗೆ ಕರೆದು, "ನಾಳೆಯಿಂದ ನೀವೇ ಸಂಯೋಜಕರು" ಎನ್ನುತ್ತಾರೆ. ಸಂಬಳ ಸ್ವಲ್ಪ ಏರುತ್ತದೆ, ಕೂಡುವ ಜಾಗ ಬದಲಾಗುತ್ತದೆ. ಬಜೆಟ್ ಹಾಳೆ ಓದುವುದು, ತನಗಿಂತ ಹಿರಿಯರ ಕೆಲಸ ತಪಾಸಣೆ ಮಾಡುವುದು, ಜಿಲ್ಲಾ ಪಂಚಾಯಿತಿಗೆ ಪತ್ರ ಬರೆಯುವುದು ಇವನ್ನೆಲ್ಲ ಆಕೆಗೆ ಯಾರೂ ಕಲಿಸಿರುವುದಿಲ್ಲ. ಆರು ತಿಂಗಳು ಕಳೆಯುವಷ್ಟರಲ್ಲಿ ಊರೊಳಗಿನ ಸಂಘಗಳು ಸಡಿಲಾಗಿರುತ್ತವೆ, ಆಫೀಸಿನ ಕಾಗದಗಳು ಹಿಂದಿನಂತೆಯೇ ಕಾರ್ಯದರ್ಶಿಯ ಮೇಜಿಗೆ ಬರುತ್ತಿರುತ್ತವೆ.

ಎರಡು ದಿನದ ನಾಯಕತ್ವ ಶಿಬಿರದಿಂದ ಇದು ಸರಿಹೋಗುವುದಿಲ್ಲ. ಮೇಲ್ವಿಚಾರಣೆ ಕೈಗೆ ಹತ್ತುವುದು ನಿಜವಾದ ಹಣ, ನಿಜವಾದ ಮಂದಿ, ನಿಜವಾದ ಗಡುವಿನ ಜೊತೆ ಕೆಲಸ ಮಾಡಿದಾಗ, ಅದೂ ಪಕ್ಕದಲ್ಲಿ ಒಬ್ಬ ಅನುಭವಿ ಇದ್ದಾಗ. ಅಪ್ರೆಂಟಿಸ್ ಕ್ರಮ ಎಂದರೆ ಇದೇ. ಇದರ ಯಶಸ್ಸು ಬಹುಮಟ್ಟಿಗೆ ಒಂದು ಸಂಗತಿಯ ಮೇಲೆ ನಿಂತಿದೆ: ಕಲಿಯುವವರಿಗೆ ಕೆಲಸ ಕೊಟ್ಟಂತೆಯೇ ಆ ಕೆಲಸಕ್ಕೆ ಬೇಕಾದ ಅಧಿಕಾರವನ್ನೂ ಹಂತಹಂತವಾಗಿ, ಬರಹದಲ್ಲಿ ಕೊಡಬೇಕು. 10ರಿಂದ 60 ಜನ ಸಿಬ್ಬಂದಿ ಇರುವ ಟ್ರಸ್ಟು, ಸೊಸೈಟಿಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇವೆ.

ಕಾಯ್ದೆಯ ದಾರಿ, ಒಳಗಿನ ದಾರಿ

ಅಪ್ರೆಂಟಿಸ್ ಎಂದೊಡನೆ ನಮ್ಮ ಕಡೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪು, ಐಟಿಐ ಹುಡುಗರು ನೆನಪಾಗುತ್ತಾರೆ. ಬ್ರಿಟನ್ನಿನ ಚಾರಿಟಿಗಳು ಇದೇ ಕ್ರಮವನ್ನು ಮ್ಯಾನೇಜರ್‌ಗಳನ್ನು ತಯಾರು ಮಾಡುವುದಕ್ಕೂ ಬಳಸುತ್ತವೆ. ಅಲ್ಲಿ 2017ರ ಏಪ್ರಿಲ್‌ನಿಂದ, ವರ್ಷಕ್ಕೆ 30 ಲಕ್ಷ ಪೌಂಡಿಗಿಂತ ಹೆಚ್ಚು ಸಂಬಳ ಕೊಡುವ ಸಂಸ್ಥೆಗಳು ಶೇ 0.5ರ ದರದಲ್ಲಿ ಅಪ್ರೆಂಟಿಸ್ ಸುಂಕ ಕಟ್ಟುತ್ತವೆ. ಆ ಹಣವನ್ನು ತಮ್ಮ ಸಿಬ್ಬಂದಿಯ ತರಬೇತಿಗೆ ಬಳಸಿಕೊಳ್ಳಬಹುದು. ತಂಡದ ಮುಖ್ಯಸ್ಥರಿಗೆ ಮೂರನೇ ಹಂತ, ಕಾರ್ಯಾಚರಣೆ ಮ್ಯಾನೇಜರ್‌ಗಳಿಗೆ ಐದನೇ ಹಂತ ಎಂದು ಪಠ್ಯ ಗೊತ್ತುಪಡಿಸಿದ್ದಾರೆ. ಈಗಾಗಲೇ ಕೆಲಸದಲ್ಲಿರುವವರೂ ಸೇರಬಹುದು. ಅಲ್ಲಿಂದ ನಾವು ತೆಗೆದುಕೊಳ್ಳಬೇಕಾದದ್ದು ಮೂರು: ಕಲಿಕೆಯ ಹೊತ್ತು ಸಂಬಳದ ಹೊತ್ತಿನೊಳಗೇ ಇರಬೇಕು, ಕಲಿಯಬೇಕಾದ ಕೌಶಲಗಳ ಪಟ್ಟಿ ಮೊದಲೇ ಬರೆದಿರಬೇಕು, ಕೊನೆಯ ಪರೀಕ್ಷೆಯನ್ನು ಹೊರಗಿನವರು ಮಾಡಬೇಕು.

ನಮ್ಮಲ್ಲಿರುವುದು 1961ರ ಶಿಶಿಕ್ಷು (ಅಪ್ರೆಂಟಿಸ್) ಕಾಯ್ದೆ. 2014ರ ತಿದ್ದುಪಡಿಯಲ್ಲಿ 'ಐಚ್ಛಿಕ ವೃತ್ತಿ'ಗಳು ಸೇರಿದ ಮೇಲೆ ಕಾರ್ಖಾನೆಯಾಚೆಯ ಕೆಲಸಗಳಿಗೂ ಅಪ್ರೆಂಟಿಸ್ ತೆಗೆದುಕೊಳ್ಳುವ ಅವಕಾಶ ಬಂತು. ಇವುಗಳ ಅವಧಿ 6ರಿಂದ 36 ತಿಂಗಳು. 2019ರ ನಿಯಮದಂತೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಇದು ಕಡ್ಡಾಯ, ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರವರೆಗೆ. 4ರಿಂದ 29 ಜನರಿದ್ದರೆ ಐಚ್ಛಿಕ. ಗುತ್ತಿಗೆಯವರನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಿಮ್ಮ ಟ್ರಸ್ಟು ಈ ಕಾಯ್ದೆಯ ವ್ಯಾಪ್ತಿಗೆ ಹೇಗೆ ಬರುತ್ತದೆ ಎಂಬುದನ್ನು ನೋಂದಣಿಗೆ ಮೊದಲೇ ಖಾತ್ರಿ ಮಾಡಿಕೊಳ್ಳಿ. ಒಪ್ಪಂದವನ್ನು ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಸ್ಟೈಪೆಂಡಿನ ಶೇ 25, ಗರಿಷ್ಠ ತಿಂಗಳಿಗೆ ₹1,500, ಸರ್ಕಾರದಿಂದ ನೇರವಾಗಿ ಅಪ್ರೆಂಟಿಸ್ ಖಾತೆಗೆ ಬರುತ್ತದೆ. ಖಾತೆಗೆ ಆಧಾರ್ ಜೋಡಣೆ ಆಗಿಲ್ಲದಿದ್ದರೆ ಹಣ ನಿಲ್ಲುತ್ತದೆ, ಆದ್ದರಿಂದ ಒಪ್ಪಂದಕ್ಕೆ ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಿ. ಪದವೀಧರರಿಗೆ 2019ರ ನಿಯಮದ ಕನಿಷ್ಠ ದರ ₹9,000. ಈ ದರಗಳು ಪರಿಷ್ಕರಣೆ ಆಗುತ್ತಿರುತ್ತವೆ. ಒಪ್ಪಂದದ ದಿನ ಜಾರಿಯಲ್ಲಿರುವ ದರವನ್ನೇ ಬರೆಯಿರಿ.

ಈ ಕಾಯ್ದೆಯಲ್ಲಿ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವರು, ನೌಕರರಲ್ಲ. ಪಿಎಫ್, ಇಎಸ್‌ಐ ಅನ್ವಯಿಸುವುದಿಲ್ಲ. ಆದ್ದರಿಂದ ಹೊಸದಾಗಿ ಪದವಿ ಮುಗಿಸಿ ಬಂದ ಹುಡುಗ ಹುಡುಗಿಯರಿಗೆ ಈ ದಾರಿ ಸರಿ. ಐದು ವರ್ಷದಿಂದ ಸಂಬಳ ತೆಗೆದುಕೊಳ್ಳುತ್ತಿರುವ ಕಾರ್ಯಕರ್ತೆಯನ್ನು ಇದಕ್ಕೆ ಹಾಕಬೇಡಿ. ಆಕೆಗೆ ಸಂಸ್ಥೆಯ ಒಳಗಿನ ದಾರಿ ಬೇಕು: ನೌಕರಿ, ಸಂಬಳ, ಪಿಎಫ್ ಎಲ್ಲ ಇದ್ದ ಹಾಗೇ ಇದ್ದು, ಅದರ ಮೇಲೆ 18 ತಿಂಗಳ ಕಲಿಕೆಯ ಒಪ್ಪಂದ. ಇದರ ತಿರುವುಮುರುವೂ ಕೆಲವೆಡೆ ನಡೆಯುತ್ತದೆ: ಪೋರ್ಟಲ್‌ನಲ್ಲಿ ನೋಂದಾಯಿಸದೆ 'ಅಪ್ರೆಂಟಿಸ್' ಎಂದು ಬಾಯಿಮಾತಿನಲ್ಲಿ ಕರೆದು, ಪೂರ್ಣ ಕೆಲಸ ತೆಗೆದುಕೊಂಡು ಅರ್ಧ ಹಣ ಕೊಡುವುದು. ಕಾಯ್ದೆಯ ಕಣ್ಣಿನಲ್ಲಿ ಅವರು ನೌಕರರೇ. ಕನಿಷ್ಠ ವೇತನ, ಪಿಎಫ್ ಬಾಕಿ ಸಂಸ್ಥೆಯ ತಲೆಗೆ ಬರುತ್ತದೆ. ಇನ್ನೊಂದು ಮಾತು: 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ 'ಉದ್ಯೋಗಿ' ಎನ್ನುವಾಗ ಅಪ್ರೆಂಟಿಸ್, ಟ್ರೇನಿಗಳನ್ನೂ ಸೇರಿಸಿಯೇ ಹೇಳುತ್ತದೆ. 10 ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದರ ಸದಸ್ಯರ ಹೆಸರು, ಫೋನ್ ನಂಬರ್ ಕಲಿಯುವವರ ಕೈಗೆ ಮೊದಲ ದಿನವೇ ಸಿಗಬೇಕು.

ಮುಂದೆ ಹೇಳುವುದು ಹೆಚ್ಚಾಗಿ ಒಳಗಿನ ದಾರಿಯ ಬಗ್ಗೆ. ಹೊಸಬರನ್ನು ಕಾಯ್ದೆಯಡಿ ತೆಗೆದುಕೊಂಡರೂ ತಿಂಗಳುಗಳ ಕ್ರಮ ಇದೇ ನಡೆಯುತ್ತದೆ. ಸಹಿಯ ಅಧಿಕಾರ ಮಾತ್ರ ಕಡಿಮೆ ಇರಲಿ.

ಯಾರನ್ನು ಆರಿಸಬೇಕು

ಅತ್ಯುತ್ತಮ ಕಾರ್ಯಕರ್ತರೇ ಅತ್ಯುತ್ತಮ ಮ್ಯಾನೇಜರ್ ಆಗುತ್ತಾರೆಂದು ಹೇಳಲಾಗದು. ಕೆಲವರಿಗೆ ಹಳ್ಳಿಯೇ ಬೇಕು, ಆಫೀಸಿನ ಮೇಜು ಉಸಿರು ಕಟ್ಟಿಸುತ್ತದೆ. ಅಂಥವರಿಗೆ ಹಿರಿಯ ಕಾರ್ಯಕರ್ತರೆಂದು ಸಂಬಳ ಹೆಚ್ಚಿಸಿ ಅಲ್ಲೇ ಬಿಡುವುದು ಇಬ್ಬರಿಗೂ ಕ್ಷೇಮ. ನೋಡಬೇಕಾದದ್ದು ಬೇರೆ: ಗಾಡಿ ಕೆಟ್ಟರೆ, ಸಂಘದಲ್ಲಿ ಜಗಳವಾದರೆ ಉಳಿದವರು ಮೊದಲು ಯಾರಿಗೆ ಫೋನ್ ಮಾಡುತ್ತಾರೆ? 'ಈ ತಿಂಗಳು ಇದು ಆಗಲಾರದು' ಎಂದು ಗಡುವಿಗೆ ಮೊದಲೇ ಹೇಳುವವರು ಯಾರು?

ಸಂದರ್ಶನಕ್ಕಿಂತ ಅರ್ಧ ದಿನದ ಕೆಲಸ ಕೊಟ್ಟು ನೋಡುವುದು ಒಳ್ಳೆಯದು. ಹಿಂದಿನ ತ್ರೈಮಾಸಿಕದ ಒಂದು ಪ್ರಗತಿ ವರದಿ ಮತ್ತು ಅದೇ ಅವಧಿಯ ಖರ್ಚಿನ ಪಟ್ಟಿ ಕೈಗೆ ಕೊಡಿ. ಎರಡನ್ನೂ ಎದುರುಬದುರು ಇಟ್ಟು ಓದಿ, ಹೊಂದದೇ ಇರುವುದನ್ನು ಒಂದು ಪುಟದಲ್ಲಿ ಕನ್ನಡದಲ್ಲೇ ಬರೆಯಲು ಹೇಳಿ. ವರದಿಯಲ್ಲಿ ಎಂಟು ತರಬೇತಿ, ಖರ್ಚಿನಲ್ಲಿ ಆರು ಕಂಡರೆ ಅದು ಕಣ್ಣಿಗೆ ಬೀಳುತ್ತದೆಯೇ ಎಂಬುದೇ ಪರೀಕ್ಷೆ. ಇಂಗ್ಲಿಷ್ ಬರುತ್ತದೆಂಬ ಒಂದೇ ಕಾರಣಕ್ಕೆ ಯಾರನ್ನೂ ಆರಿಸಬೇಡಿ. ಇಂಗ್ಲಿಷ್ ವರದಿ ಒಂದು ವರ್ಷದಲ್ಲಿ ಕಲಿಯಬಹುದು, ಲೆಕ್ಕದ ಕಣ್ಣು ಅಷ್ಟು ಬೇಗ ಬರುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಸಂಸ್ಥೆಗಳು ಮಾಡುವ ಅನ್ಯಾಯವನ್ನು ನೇರವಾಗಿಯೇ ಹೇಳಬೇಕು. 'ಮನೆ ಜವಾಬ್ದಾರಿ ಐತಿ, ಆಕೆಗೆ ಆಗೂದಿಲ್ಲ' ಎಂದು ಆಕೆಯನ್ನು ಕೇಳದೆಯೇ ತೀರ್ಮಾನಿಸಿಬಿಡುತ್ತಾರೆ. ಕಾರ್ಯಕರ್ತರಲ್ಲಿ ಬಹುಪಾಲು ಹೆಂಗಸರು, ಸಂಯೋಜಕರಲ್ಲಿ ಬಹುಪಾಲು ಗಂಡಸರು ಆಗುವುದು ಹೀಗೆಯೇ. ಕೇಳಿ ನೋಡಿದರೆ ಅಡ್ಡಿ ಇರುವುದು ಸಂಜೆ ಆರರ ಮೇಲಿನ ಸಭೆ ಮತ್ತು ಕೊನೆಯ ಬಸ್ಸು, ಅಷ್ಟೇ. ಸಭೆಯನ್ನು ಮಧ್ಯಾಹ್ನ ಎರಡಕ್ಕೆ ಇಟ್ಟರೆ ಅರ್ಧ ತೊಡಕು ಮುಗಿಯುತ್ತದೆ.

20 ಜನರ ಸಂಸ್ಥೆಗೆ ಒಂದು ಸಲಕ್ಕೆ ಒಬ್ಬರು, ಹೆಚ್ಚೆಂದರೆ ಇಬ್ಬರು. ಮೂವರನ್ನು ಹಾಕಿದರೆ ಮಾರ್ಗದರ್ಶಕರಿಗೆ ಹೊತ್ತು ಸಾಲುವುದಿಲ್ಲ, ಊರುಗಳ ಕೆಲಸವೂ ನಿಲ್ಲುತ್ತದೆ.

ಮೊದಲು ಠರಾವು, ಆಮೇಲೆ ಕೆಲಸ

ಆಡಳಿತ ಮಂಡಳಿಯ ಸಭೆಯಲ್ಲಿ ಠರಾವು ಆಗದೆ ಶುರು ಮಾಡಬೇಡಿ. ಅಧ್ಯಕ್ಷರು ಬದಲಾದ ಕೂಡಲೇ ನಿಂತುಹೋಗುವ ಯೋಜನೆಗಳೆಲ್ಲ ಬಾಯಿಮಾತಿನ ಯೋಜನೆಗಳು. ಠರಾವಿನಲ್ಲಿ ಹೆಸರು, ಅವಧಿ, ಮಾರ್ಗದರ್ಶಕರು ಯಾರು, ಯಾವ ಬಾಬಿನಿಂದ ಹಣ, ಯಾವ ಹಂತದಲ್ಲಿ ಎಷ್ಟು ಅಧಿಕಾರ ಇವು ಇರಲಿ. ಅದರ ಆಧಾರದ ಮೇಲೆ ಎರಡು ಪುಟದ ಪತ್ರ ಸಿದ್ಧಪಡಿಸಿ, ಮೂವರೂ ಸಹಿ ಮಾಡಿ: ಕಲಿಯುವವರು, ಮಾರ್ಗದರ್ಶಕರು, ಕಾರ್ಯದರ್ಶಿ.

ಪತ್ರದಲ್ಲಿ ಜನ ಮರೆಯುವ ಸಾಲು ಒಂದಿದೆ: ಹಳೆಯ ಕೆಲಸದಲ್ಲಿ ಏನನ್ನು ಇಳಿಸುತ್ತೀರಿ, ಅದನ್ನು ಯಾರು ಮಾಡುತ್ತಾರೆ. 24 ಸಂಘ ನೋಡಿಕೊಳ್ಳುತ್ತಿದ್ದವರಿಗೆ 24 ಸಂಘವನ್ನೂ ಬಿಟ್ಟು ಮೇಲೆ ಮ್ಯಾನೇಜರ್ ಕಲಿಕೆ ಹೇರಿದರೆ ಮೂರನೇ ತಿಂಗಳಿಗೆ ಕಲಿಕೆ ಸತ್ತಿರುತ್ತದೆ. ಮೊದಲ ಆರು ತಿಂಗಳು 16ಕ್ಕೆ ಇಳಿಸಿ, ನಂತರ 8ಕ್ಕೆ, ಕೊನೆಯ ಆರು ತಿಂಗಳಿಗೆ ಪೂರ್ತಿ ಬಿಡಿಸಿ. ಇಳಿಸಿದ ಸಂಘಗಳನ್ನು ಯಾರ ಹೆಸರಿಗೆ ಬರೆದಿದ್ದೀರೋ ಅವರಿಗೂ ಪತ್ರದ ಪ್ರತಿ ಹೋಗಲಿ.

ಇನ್ನು ಅಧಿಕಾರ. ಮೊದಲ ಮೂರು ತಿಂಗಳು ವೋಚರ್ ಮೇಲೆ 'ಪರಿಶೀಲಿಸಿದೆ' ಎಂಬ ಸಹಿ ಮಾತ್ರ, ಮಂಜೂರಾತಿ ಇಲ್ಲ. ನಾಲ್ಕನೇ ತಿಂಗಳಿನಿಂದ ಒಂದು ಬಾಬಿಗೆ ₹1,000ದವರೆಗೆ ಚಿಲ್ಲರೆ ಖರ್ಚಿನ ಮಂಜೂರಾತಿ. ಏಳನೇ ತಿಂಗಳಿನಿಂದ ಮಂಜೂರಾದ ಬಜೆಟ್ ಒಳಗೆ ₹5,000ದವರೆಗೆ, ಜೊತೆಗೆ ತನ್ನ ಕೈಕೆಳಗಿನವರಿಗೆ ಮೂರು ದಿನದ ರಜೆ ಕೊಡುವ ಅಧಿಕಾರ. ಹದಿಮೂರನೇ ತಿಂಗಳಿನಿಂದ ₹15,000ದವರೆಗೆ. ₹5,000 ದಾಟಿದ ಖರೀದಿಗೆ ಮೂರು ಕೊಟೇಶನ್ ಕಡ್ಡಾಯ. ಚೆಕ್ ಸಹಿ ಮಾತ್ರ ಪದಾಧಿಕಾರಿಗಳಲ್ಲೇ ಉಳಿಯಲಿ. ಒಬ್ಬರಿಗೆ ಒಂದೇ ದಿನ ₹10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ಒಪ್ಪುವುದಿಲ್ಲ ಎಂಬುದನ್ನು ಮಂಜೂರಾತಿ ಕೊಡುವ ಮೊದಲೇ ಕಲಿಸಿರಬೇಕು. ಮೊತ್ತಗಳು ನಿಮ್ಮ ಬಜೆಟ್ಟಿಗೆ ತಕ್ಕಂತೆ ಬದಲಾಗಲಿ, ಮೆಟ್ಟಿಲುಗಳು ಮಾತ್ರ ಇರಲಿ.

ಇಡೀ ಯೋಜನೆ ಮುರಿದುಬೀಳುವ ಜಾಗವೂ ಇದೇ. ರಜೆ ಸಿಗದ ಕಾರ್ಯಕರ್ತ ನೇರವಾಗಿ ಕಾರ್ಯದರ್ಶಿ ಬಳಿ ಹೋಗುತ್ತಾನೆ, ಅವರು ಹಳೆಯ ಸಲಿಗೆಯಿಂದ "ಆತು, ಹೋಗಿ ಬಾರಪಾ" ಎನ್ನುತ್ತಾರೆ. ಅಂದಿನಿಂದ ಕಲಿಯುವವರ ಮಾತಿಗೆ ಬೆಲೆ ಇಲ್ಲ. ಕಾರ್ಯದರ್ಶಿ ಹೇಳಬೇಕಾದದ್ದು ಇಷ್ಟೇ: "ಅದನ್ನ ಅಕ್ಕಾರ ಕಡೆ ಕೇಳ್ರಿ, ಅವರು ಹೇಳಿದಂಗ." ತೀರ್ಮಾನ ತಪ್ಪೆನಿಸಿದರೂ ಎಲ್ಲರೆದುರು ತಿರುಗಿಸಬೇಡಿ. ಆ ವಾರದ ಭೇಟಿಯಲ್ಲಿ ಇಬ್ಬರೇ ಕುಳಿತು ಮಾತಾಡಿ. ತಿದ್ದಬೇಕಾದರೆ ಅವರೇ ತಿದ್ದಲಿ. ಹಣದ ಅಕ್ರಮ, ಮಕ್ಕಳ ಅಥವಾ ಹೆಣ್ಣುಮಕ್ಕಳ ಸುರಕ್ಷತೆ ಇವೆರಡರಲ್ಲಿ ಮಾತ್ರ ಕಾರ್ಯದರ್ಶಿ ಕೂಡಲೇ ನಡುವೆ ಬರಬೇಕು, ಅದನ್ನೂ ಪತ್ರದಲ್ಲೇ ಬರೆದಿಡಿ.

ಅಕ್ಟೋಬರ್‌ನಲ್ಲಿ ಶುರು ಮಾಡಿ

ಏಪ್ರಿಲ್ ಅಥವಾ ಜೂನ್‌ನಲ್ಲಿ ಶುರು ಮಾಡುವುದು ರೂಢಿ. ನಮ್ಮ ಸಲಹೆ ಅಕ್ಟೋಬರ್ 1. ಅಕ್ಟೋಬರ್‌ನಿಂದ 18 ತಿಂಗಳು ಎಣಿಸಿದರೆ ಮುಗಿಯುವುದು ಮಾರ್ಚ್ 31ಕ್ಕೆ. ನಡುವೆ ಎರಡು ವರ್ಷಾಂತ್ಯ ಬರುತ್ತವೆ: ಮೊದಲನೆಯದನ್ನು ಪಕ್ಕದಲ್ಲಿ ಕುಳಿತು ನೋಡುತ್ತಾರೆ, ಎರಡನೆಯದನ್ನು ತಾವೇ ಮಾಡುತ್ತಾರೆ. ವರ್ಷಾಂತ್ಯ ಒಂದನ್ನೂ ಕೈಯಾರೆ ಮುಗಿಸದವರನ್ನು ಮ್ಯಾನೇಜರ್ ಎನ್ನಲಾಗದು.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನೋಡುವ, ಓದುವ ಕಾಲ. ದಾನಿ ಸಂಸ್ಥೆಯ ಜೊತೆಗಿನ ಒಪ್ಪಂದ, ಅದರ ಬಜೆಟ್, ಸಿಬ್ಬಂದಿ ನಿಯಮಾವಳಿ, ಹಿಂದಿನ ವರ್ಷದ ಆಡಿಟ್ ವರದಿ, ಇಷ್ಟನ್ನು ಸಾಲುಸಾಲಾಗಿ ಓದಿಸಿ. ಮಾರ್ಗದರ್ಶಕರು ಹೋಗುವ ಕಡೆಯೆಲ್ಲ ಜೊತೆಗೆ ಹೋಗಲಿ. 1997ರಲ್ಲಿ ಹಳೆಯ ಧಾರವಾಡ ಜಿಲ್ಲೆಯಿಂದ ಗದಗ, ಹಾವೇರಿ ಬೇರೆಯಾದ ಮೇಲೆ, ಮೂರೂ ಕಡೆ ಕೆಲಸ ಮಾಡುವ ಸಂಸ್ಥೆ ಮೂರು ಜಿಲ್ಲಾ ಪಂಚಾಯಿತಿ, ಮೂರು ಜಿಲ್ಲಾಧಿಕಾರಿ ಕಚೇರಿಗಳ ಜೊತೆ ವ್ಯವಹರಿಸಬೇಕು. ಯಾವ ಕಾಗದ ಯಾವ ಮೇಜಿಗೆ ಹೋಗುತ್ತದೆ, ಸ್ವೀಕೃತಿ ಮೊಹರು ಎಲ್ಲಿ ಹಾಕಿಸಬೇಕು ಎಂಬುದು ಒಬ್ಬೊಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ. ಕಲಿಯುವವರು ಅದನ್ನೊಂದು ನೋಟ್‌ಬುಕ್ಕಿಗೆ ಇಳಿಸಲಿ. ಸಂಸ್ಥೆಗೆ ಇದರಿಂದಲೇ ದೊಡ್ಡ ಲಾಭ.

ವೋಚರ್ ಪರಿಶೀಲನೆ ಈ ತಿಂಗಳುಗಳ ಮುಖ್ಯ ಪಾಠ, ಇದಕ್ಕೆ ಹೊತ್ತು ಕೊಡಿ. ಒಂದು ಉದಾಹರಣೆ ಹಿಡಿಯೋಣ. ಮುಂಡರಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಸಂಘದ ಸದಸ್ಯೆಯರ ಒಂದು ದಿನದ ತರಬೇತಿ. ಊಟದ ಬಿಲ್ 40 ಜನರದು, ಹಾಜರಿ ಹಾಳೆಯಲ್ಲಿ 27 ಸಹಿ. ಹೊಸಬರು ಇಲ್ಲಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ: ಸುಮ್ಮನೆ ಸಹಿ ಹಾಕುತ್ತಾರೆ, ಇಲ್ಲವೇ ಕೆಂಪು ಗೆರೆ ಎಳೆದು ವಾಪಸ್ ಕಳಿಸುತ್ತಾರೆ. ಮೊದಲು ಕೇಳಬೇಕು. ಕೇಳುವ ಧಾಟಿಯನ್ನೂ ಕಲಿಸಬೇಕು, ಏಕೆಂದರೆ ಎದುರಿಗಿರುವವರು ಹದಿನೈದು ವರ್ಷ ಹಿರಿಯರು.

"ಅಣ್ಣಾರ, ಊಟದ ಬಿಲ್ಲಿನ್ಯಾಗ 40 ಐತಿ, ಹಾಜರಿಯೊಳಗ 27 ಸಹಿ ಅದಾವ. ಉಳದಾವ್ರು ಯಾರು?"

"ತಾಯಂದ್ರ ಜೋಡಿ ಹುಡುಗ್ರು ಬಂದಿದ್ರು ತಂಗಿ, ಅವಕ್ಕ ಉಪಾಸ ಕೂಡ್ಸಾಕ ಆಗ್ತೈತೇನು?"

ಉತ್ತರ ನ್ಯಾಯವಾದದ್ದೇ. ಆದರೆ ಆಡಿಟರ್‌ಗೆ ಇದು ಕಾಣುವುದಿಲ್ಲ. 'ತಾಯಂದಿರ ಜೊತೆ ಬಂದ 13 ಮಕ್ಕಳಿಗೂ ಊಟ ನೀಡಲಾಗಿದೆ' ಎಂದು ವೋಚರ್ ಹಿಂದೆ ಬರೆಸಿ ಕಾರ್ಯಕರ್ತರ ಸಹಿ, ದಿನಾಂಕ ಹಾಕಿಸಬೇಕು. ಮುಂದಿನ ತರಬೇತಿಯ ಬಜೆಟ್ಟಿನಲ್ಲೇ ಮಕ್ಕಳ ಊಟ ಸೇರಿಸಲು ಮಾರ್ಗದರ್ಶಕರಿಗೆ ಹೇಳಬೇಕು. ಒಂದೇ ವೋಚರ್‌ನಲ್ಲಿ ಲೆಕ್ಕ, ಹಿರಿಯರ ಜೊತೆ ಮಾತು, ಮುಂದಿನ ಯೋಜನೆ ಮೂರೂ ಬಂದವು. ಟಿಎ (ಪ್ರಯಾಣ ಭತ್ಯೆ) ಬಿಲ್‌ನಲ್ಲೂ ಹೀಗೆಯೇ: 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಸಾಮಾನ್ಯ ಬಸ್ ಪ್ರಯಾಣಕ್ಕೆ ಶೂನ್ಯ ಟಿಕೆಟ್ ಸಿಗುತ್ತದೆ. ಹಳೆಯ ದರಪಟ್ಟಿಯಿಂದಲೇ ಬಸ್ ಚಾರ್ಜ್ ಬರೆಯುವ ಅಭ್ಯಾಸ ಉಳಿದಿದ್ದರೆ ಅದನ್ನು ಹಿಡಿಯಬೇಕು. ಬಸ್ ಇಳಿದು ಆಟೋ ಹಿಡಿದ ಖರ್ಚನ್ನು ಕೊಡಲು ನಿಯಮಾವಳಿಯಲ್ಲಿ ದಾರಿ ಇದೆಯೇ ಎಂದೂ ನೋಡಬೇಕು.

ಜನವರಿಯಿಂದ ಮಾರ್ಚ್‌ವರೆಗೆ ವರ್ಷಾಂತ್ಯದ ಸಿದ್ಧತೆಯಲ್ಲಿ ಎರಡನೇ ಕೈ. ಪ್ರತಿ ತಿಂಗಳ 5ನೇ ತಾರೀಕಿಗೆ ಒಂದು ಹಾಳೆ ತಯಾರಾಗಲಿ: ಬಾಬು, ವರ್ಷದ ಬಜೆಟ್, ಈವರೆಗಿನ ಖರ್ಚು, ಉಳಿದದ್ದು, ಉಳಿದ ತಿಂಗಳಲ್ಲಿ ಆಗಬೇಕಾದ ಕೆಲಸ. ಕೊನೆಯ ಕಾಲಂ ಇಲ್ಲದಿದ್ದರೆ ಈ ಹಾಳೆಯಿಂದ ಉಪಯೋಗವಿಲ್ಲ. ಜನವರಿಯಲ್ಲಿ ಶೇ 40 ಹಣ ಉಳಿದಿದ್ದರೆ ಅದು ಉಳಿತಾಯವಲ್ಲ, ಆಗದೇ ಉಳಿದ ಕೆಲಸ. ಮಾರ್ಚ್ ಕೊನೆಯ ವಾರದಲ್ಲಿ ಹಣ ಮುಗಿಸಲು ಬ್ಯಾನರ್, ಕಿಟ್ ಖರೀದಿಸುವ ಚಟ ಹುಟ್ಟುವುದು ಈ ಹಾಳೆಯನ್ನು ಡಿಸೆಂಬರ್‌ನಲ್ಲಿ ಯಾರೂ ಓದದೇ ಇದ್ದದ್ದರಿಂದ.

ಏಪ್ರಿಲ್‌ನಿಂದ ಸೆಪ್ಟೆಂಬರ್: ಸ್ವಂತ ಘಟಕ. ಒಂದು ಹೋಬಳಿ ಅಥವಾ 8-10 ಹಳ್ಳಿ, ಮೂವರು ಕಾರ್ಯಕರ್ತರು, ಆರು ತಿಂಗಳಿಗೆ ಎರಡು ಲಕ್ಷದ ಆಸುಪಾಸಿನ ಬಜೆಟ್. ಮೂವರಿಗಿಂತ ಹೆಚ್ಚು ಬೇಡ. ಕೆಲಸದ ಪಟ್ಟಿಯನ್ನು ಅವರೇ ಹಾಕಲಿ, ಮಳೆ ಮತ್ತು ಬೆಳೆ ನೋಡಿ ಹಾಕುವುದು ಕಲಿಯಲಿ. ಮುಂಗಾರು ಬಿತ್ತನೆಯ ವಾರದಲ್ಲಿ, ಹೆಸರುಕಾಳು ಬಿಡಿಸುವ ಹೊತ್ತಿನಲ್ಲಿ ರೈತ ಮಹಿಳೆಯರ ಸಭೆ ಇಟ್ಟರೆ ಖಾಲಿ ಜಮಖಾನೆ ಕಾಣುತ್ತದೆ. ಬ್ಯಾಡಗಿ ಕಡೆ ಮೆಣಸಿನಕಾಯಿ ಮಾರುಕಟ್ಟೆಗೆ ಬರುವ ಜನವರಿಯಿಂದ ಮಾರ್ಚ್‌ವರೆಗೂ ಅದೇ ಕಥೆ. ತಿಂಗಳಿಗೊಮ್ಮೆ ಮೂವರ ಜೊತೆ ಒಬ್ಬೊಬ್ಬರಾಗಿ 40 ನಿಮಿಷ ಕುಳಿತುಕೊಳ್ಳಲಿ. ಆ ಮಾತುಕತೆ ವರದಿ ಒಪ್ಪಿಸುವ ಸಭೆ ಆಗದಿರಲಿ. ಏನು ಆಯಿತು, ಎಲ್ಲಿ ಸಿಕ್ಕಿಕೊಂಡಿದೆ, ನನ್ನಿಂದ ಏನು ಬೇಕು, ಇವು ಮೂರೇ ಪ್ರಶ್ನೆ.

ಶಾಸನಬದ್ಧ ಗಡುವುಗಳ ಕ್ಯಾಲೆಂಡರ್ ಇದೇ ಅವಧಿಯಲ್ಲಿ ಅವರ ಕೈಗೆ ಬರಲಿ: ಆದಾಯ ತೆರಿಗೆ ಇಲಾಖೆಗೆ ದಾನಿಗಳ ವಿವರ ಸಲ್ಲಿಕೆ ಮೇ 31, ಆಡಿಟ್ ವರದಿ ಸೆಪ್ಟೆಂಬರ್ 30, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇದ್ದರೆ ವಾರ್ಷಿಕ ಲೆಕ್ಕ ಡಿಸೆಂಬರ್ 31, ಸೊಸೈಟಿಯಾಗಿದ್ದರೆ ಮಹಾಸಭೆಯ ನಂತರ ರಿಜಿಸ್ಟ್ರಾರ್‌ಗೆ ಸಲ್ಲಿಕೆ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವಂಥದ್ದು, ಹಾಗಾಗಿ ಆಯಾ ವರ್ಷದ ಗಡುವು, ಫಾರ್ಮ್ ಸಂಖ್ಯೆಗಳನ್ನು ಏಪ್ರಿಲ್‌ನಲ್ಲೇ ಆಡಿಟರ್ ಬಳಿ ಖಾತ್ರಿ ಮಾಡಿಸಿ.

ಕೊನೆಯ ಆರು ತಿಂಗಳು ಇಡೀ ಯೋಜನೆ. ಜನವರಿಯಲ್ಲಿ ಯೋಜನಾ ಮುಖ್ಯಸ್ಥರು ಎರಡು ವಾರ ನಿಜವಾಗಿಯೂ ರಜೆ ಹಾಕಲಿ, ಪ್ರಭಾರ ಇವರಿಗೆ. ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಕೇಳುವ ರಜೆ ಲೆಕ್ಕಕ್ಕಿಲ್ಲ.

ಮಾರ್ಗದರ್ಶಕರು

ಕಲಿಯುವವರ ಸಂಬಳ ಹೆಚ್ಚಿಸುವ, ಗುಣಮಟ್ಟದ ಗುರುತು ಹಾಕುವ ಅಧಿಕಾರಿಯೇ ಮಾರ್ಗದರ್ಶಕರಾದರೆ ಕಲಿಯುವವರು ಅನುಮಾನಗಳನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಬೇರೆ ಯೋಜನೆಯ ಮುಖ್ಯಸ್ಥರಾದರೆ ಉತ್ತಮ. ಸಂಸ್ಥೆ ಚಿಕ್ಕದಾಗಿದ್ದು ಅಂಥವರು ಇಲ್ಲದಿದ್ದರೆ, ನಿವೃತ್ತ ಬ್ಯಾಂಕ್ ಮ್ಯಾನೇಜರ್ ಅಥವಾ ಮುಖ್ಯೋಪಾಧ್ಯಾಯರಾಗಿದ್ದ ಟ್ರಸ್ಟಿಯನ್ನು ಕೇಳಿ. ವಾರಕ್ಕೆ ಮೂರು ಗಂಟೆ ಬೇಕು: ಒಂದೂವರೆ ಗಂಟೆ ಕೂತು ಮಾತು, ಉಳಿದದ್ದು ಅವರ ಕೆಲಸ ಓದುವುದು, ನೋಡುವುದು. ಎರಡು ವಾರ ಸತತ ತಪ್ಪಿದರೆ ಆಡಳಿತ ಮಂಡಳಿಗೆ ತಿಳಿಸಬೇಕೆಂದು ಪತ್ರದಲ್ಲೇ ಇರಲಿ. ಕಲಿಯುವವರು ತಾವಾಗಿ ದೂರು ಹೇಳಲಾರರು.

ಮಾರ್ಗದರ್ಶಕರು ಮಾಡಬಾರದ್ದು ಒಂದು: ಪತ್ರ ಸರಿ ಇಲ್ಲವೆಂದು ತಾವೇ ಕೂತು ಬರೆದುಕೊಡುವುದು. ಪೆನ್ಸಿಲ್‌ನಲ್ಲಿ ಗುರುತು ಹಾಕಿ ವಾಪಸ್ ಕೊಡಿ. ಮೂರು ಸಲ ತಿದ್ದಿದರೂ ಪರವಾಗಿಲ್ಲ. ಬೆಟಗೇರಿಯ ನೇಕಾರರ ಮನೆಯಲ್ಲಿ ಮಗ್ಗ ಕಲಿಸುವವರು ಕಡಿದ ಎಳೆಯನ್ನು ತೋರಿಸುತ್ತಾರೆ, ಜೋಡಿಸುವ ಕೈ ಕಲಿಯುವವರದೇ.

ಬುಧವಾರದ ಮೂರು ಗಂಟೆ

ವಾರದಲ್ಲಿ ಒಂದು ಮಧ್ಯಾಹ್ನ ಓದಿಗೆ ಮೀಸಲು, ಅದು ಕೆಲಸದ ಹೊತ್ತಿನಲ್ಲೇ. ಬುಧವಾರ ಒಳ್ಳೆಯದು; ಸೋಮವಾರ ಸಭೆ, ಶನಿವಾರ ವರದಿ ನುಂಗಿಬಿಡುತ್ತವೆ. ಎಕ್ಸೆಲ್‌ನಲ್ಲಿ ಮೊತ್ತ, ಶೇಕಡಾವಾರು, ಫಿಲ್ಟರ್ ಇಷ್ಟು ಬಂದರೆ ಮೊದಲ ವರ್ಷಕ್ಕೆ ಸಾಕು. ಕನ್ನಡ ಟೈಪಿಂಗ್ ಬೇಕೇ ಬೇಕು.

ನಡಾವಳಿ ಬರೆಯುವುದನ್ನು ಕಲಿಯಲು ದೂರ ಹೋಗಬೇಕಿಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲದಿಂದಲೂ ಠರಾವು, ಸೂಚಕರು, ಅನುಮೋದಕರು, ಖಾತೆ ಪುಸ್ತಕ ಎಂಬ ಶಿಸ್ತು ಈ ಭಾಗದ ಹಳ್ಳಿಗಳಲ್ಲಿದೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘದ ಕಾರ್ಯದರ್ಶಿಯ ಬಳಿ ಎರಡು ಮಧ್ಯಾಹ್ನ ಕೂರಿಸಿದರೆ ಮಾಡಿದ ತೀರ್ಮಾನ, ಹೊಣೆ ಹೊತ್ತವರ ಹೆಸರು, ಗಡುವು, ಮೂರೂ ಇರುವಂತೆ ಬರೆಯುವ ಕ್ರಮ ಬರುತ್ತದೆ.

ಕರ್ನಾಟಕ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗ, ಗದಗ ಹತ್ತಿರ ನಾಗಾವಿಯಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಇಲ್ಲಿನ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಬಂದರೆ ಅವರಲ್ಲಿ ಇಬ್ಬರನ್ನು ನೋಡಿಕೊಳ್ಳುವ ಹೊಣೆಯನ್ನು ಅಪ್ರೆಂಟಿಸ್‌ಗೆ ಕೊಡಿ. ಸಂಬಳದವರ ಮೇಲ್ವಿಚಾರಣೆಗೆ ಮೊದಲು ಇದು ಒಳ್ಳೆಯ ಅಭ್ಯಾಸ, ವಿದ್ಯಾರ್ಥಿಗಳಿಗೂ ಕೇಳುವವರೊಬ್ಬರು ಸಿಗುತ್ತಾರೆ.

ಖರ್ಚು

ಒಬ್ಬರಿಗೆ 18 ತಿಂಗಳ ಅಂದಾಜು ಹೀಗೆ ಹಾಕಬಹುದು. ಕಲಿಕೆ ಭತ್ಯೆ ತಿಂಗಳಿಗೆ ₹2,000ದಂತೆ ₹36,000. ಇಳಿಸಿದ ಸಂಘಗಳನ್ನು ನೋಡಿಕೊಳ್ಳುವ ಅರೆಕಾಲಿಕ ಕಾರ್ಯಕರ್ತೆಗೆ ₹6,000ದಂತೆ 12 ತಿಂಗಳು, ₹72,000. ಓಡಾಟ ₹1,000ದಂತೆ ₹18,000. ಕೋರ್ಸು, ಪುಸ್ತಕ, ಹೊರಗಿನ ಪರೀಕ್ಷಕರ ಗೌರವಧನ ₹10,000. ಒಟ್ಟು ₹1,36,000. ಇದರಲ್ಲಿ ಎರಡನೇ ಬಾಬನ್ನು ಕಡಿದು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ಕಡಿದರೆ ಉಳಿದದ್ದೂ ವ್ಯರ್ಥ.

ಹೊಸ ಯೋಜನಾ ಪ್ರಸ್ತಾವ ಬರೆಯುವಾಗ ಇದನ್ನು 'ಸಿಬ್ಬಂದಿ ಸಾಮರ್ಥ್ಯ ವರ್ಧನೆ' ಎಂಬ ಬೇರೆ ಬಾಬಿನಲ್ಲಿ, ಲೆಕ್ಕದ ಸಮೇತ ತೋರಿಸಿ. ಮುಚ್ಚಿಟ್ಟು 'ಇತರೆ'ಯಲ್ಲಿ ಹಾಕಿದರೆ ಮೊದಲು ಕತ್ತರಿ ಬೀಳುವುದು ಅದಕ್ಕೇ. ವಿದೇಶಿ ದೇಣಿಗೆಯಿಂದ ಭರಿಸುವುದಾದರೆ ಎಚ್ಚರ: ಎಫ್‌ಸಿಆರ್‌ಎಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿದಿದೆ. ಮ್ಯಾನೇಜರ್ ಹುದ್ದೆಯ ಯಾವ ಪಾಲು ಆ ಲೆಕ್ಕಕ್ಕೆ ಬರುತ್ತದೆ ಎಂದು ಆಡಿಟರ್‌ರಿಂದ ಬರಹದಲ್ಲಿ ತೆಗೆದುಕೊಳ್ಳಿ.

ಪರೀಕ್ಷೆ, ಆಮೇಲಿನದು

ಆರು ತಿಂಗಳಿಗೊಮ್ಮೆ ಪರಿಶೀಲನೆ. ಅಂಕ ಬೇಡ, ಕೌಶಲದ ಪಟ್ಟಿ ಎದುರಿಗೆ 'ಪಕ್ಕದಲ್ಲಿ ಯಾರಾದರೂ ಇದ್ದರೆ ಮಾಡುತ್ತಾರೆ', 'ತಾವೇ ಮಾಡುತ್ತಾರೆ', 'ಇನ್ನೊಬ್ಬರಿಗೆ ಕಲಿಸಬಲ್ಲರು' ಎಂಬ ಮೂರು ಗುರುತು ಸಾಕು. 12ನೇ ತಿಂಗಳಲ್ಲೂ ಬಹುಪಾಲು ಮೊದಲ ಗುರುತಿನಲ್ಲೇ ಇದ್ದರೆ ಕುಳಿತು ಮಾತಾಡಿ. ಹಳೆಯ ಹುದ್ದೆಗೆ, ಹಳೆಯ ಸಂಬಳಕ್ಕೆ ಕಡಿಮೆಯಿಲ್ಲದಂತೆ, ಗೌರವದಿಂದ ಮರಳುವ ದಾರಿ ಪತ್ರದಲ್ಲೇ ಇರಬೇಕು. ಆ ದಾರಿ ಇಲ್ಲದ ಕಡೆ ಜನ ಸೋಲನ್ನು ಮುಚ್ಚಿಡುತ್ತಾರೆ, ಇಲ್ಲವೇ ಕೆಲಸ ಬಿಡುತ್ತಾರೆ.

ಕೊನೆಯ ಪರೀಕ್ಷೆಗೆ ಹೊರಗಿನ ಇಬ್ಬರು: ಒಬ್ಬರು ಬೇರೆ ಸಂಸ್ಥೆಯ ಹಿರಿಯ ಮ್ಯಾನೇಜರ್, ಇನ್ನೊಬ್ಬರು ಲೆಕ್ಕ ಬಲ್ಲವರು. ಅವರಿಗೆ ಮೂರು ಕಾಗದ ಹೋಗಲಿ: ಅಪ್ರೆಂಟಿಸ್ ಬರೆದ ಒಂದು ತ್ರೈಮಾಸಿಕ ವರದಿ, ತಯಾರಿಸಿದ ಮುಂದಿನ ವರ್ಷದ ಬಜೆಟ್, ಎದುರಿಸಿದ ಒಂದು ಸಿಬ್ಬಂದಿ ಸಮಸ್ಯೆಯ ಟಿಪ್ಪಣಿ. ಟಿಪ್ಪಣಿಯಲ್ಲಿ ಕಾರ್ಯಕರ್ತರ ಹೆಸರು ಬೇಡ. ಒಂದು ಗಂಟೆ ಪ್ರಶ್ನೆ, ಆಮೇಲೆ ಅವರ ಕೈಕೆಳಗೆ ಕೆಲಸ ಮಾಡಿದ ಮೂವರ ಜೊತೆ ಬೇರೆಯಾಗಿ ಅರ್ಧ ಗಂಟೆ. ಈ ಅರ್ಧ ಗಂಟೆಯಲ್ಲಿ ತಿಳಿಯುವುದು ಉಳಿದೆಲ್ಲಕ್ಕಿಂತ ಹೆಚ್ಚು.

ಹುದ್ದೆ ಖಾಲಿ ಇದ್ದರೆ ನೇಮಕಾತಿ ಆದೇಶ ಏಪ್ರಿಲ್ 1ರ ದಿನಾಂಕಕ್ಕೇ ಆಗಲಿ. ಇಲ್ಲದಿದ್ದರೆ 'ಉಪ ಸಂಯೋಜಕರು' ಎಂಬ ಹುದ್ದೆ, ಅದಕ್ಕೆ ತಕ್ಕ ಸಂಬಳ, ಮತ್ತು 18 ತಿಂಗಳಲ್ಲಿ ಪಡೆದ ಮಂಜೂರಾತಿ ಅಧಿಕಾರವನ್ನು ಹಾಗೇ ಉಳಿಸಿ; ಮರಳಿ ಕಿತ್ತುಕೊಂಡರೆ ವರ್ಷದೊಳಗೆ ಬೇರೆ ಸಂಸ್ಥೆಗೆ ಹೋಗುತ್ತಾರೆ, ಅದು ಅವರ ತಪ್ಪಲ್ಲ. ಯೋಜನೆಯ ಖಾತೆಗೆ ಅವರನ್ನು ಸಹಿದಾರರನ್ನಾಗಿ ಮಾಡುವುದಾದರೆ ಠರಾವಿನ ಪ್ರತಿ, ಕೆವೈಸಿ ಕಾಗದ, ಮಾದರಿ ಸಹಿ ಇವನ್ನು ಫೆಬ್ರವರಿಯಲ್ಲೇ ಬ್ಯಾಂಕಿಗೆ ಕೊಡಿ. ಮಾರ್ಚ್ ಕೊನೆಯಲ್ಲಿ ಶಾಖೆಗಳು ಈ ಕೆಲಸ ಕೈಗೆತ್ತಿಕೊಳ್ಳುವುದಿಲ್ಲ, ಏಪ್ರಿಲ್ ಸಂಬಳ ಹಳೆಯ ಸಹಿಗಾಗಿ ಕಾಯುತ್ತ ಕೂರುತ್ತದೆ.